ಕತ್ತಿ ಮುಟ್ಟದ ಕೂದಲು

ಬೆಂಗಳೂರಿನಿಂದ ಬಂದ ಚರ್ಮರೋಗದ ಡಾಕ್ಟರಿಗೆ ಮೈಕ್ರೋಸ್ಕೋಪು ನೋಡಲು ಒಬ್ಬರು ಬೇಕಿತ್ತು. ಅವರಿಗೆ ತೆಲುಗು ಬರಬೇಕಿತ್ತು, ಎದುರು ಮಾತಾಡುವ ಅಭ್ಯಾಸ ಇರಬಾರದಿತ್ತು. ಶಿಡ್ಲಘಟ್ಟದ ನಮ್ಮ ರೇಷ್ಮೆ ಮೊಟ್ಟೆ ಕೇಂದ್ರದ ಸಾಹೇಬರು ಮೊದಲಿನ ಎರಡಕ್ಕೆ ನನ್ನ ಹೆಸರು ಹೇಳಿದರು. ಮೂರನೆಯದರ ಬಗ್ಗೆ ಅವರೂ ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಹೀಗೆ ಅರವತ್ತರ ದಶಕದ ಆರಂಭದ ಒಂದು ಶ್ರಾವಣದಲ್ಲಿ, ಚಿಟ್ಟೆ ಅರೆದುಕೊಂಡಿದ್ದ ನಾನು ಮನುಷ್ಯರ ತಲೆ ಕೆರೆಯುವ ಕೆಲಸಕ್ಕೆ ಎರವಲು ಹೋದೆ.

ಕೇಂದ್ರದಲ್ಲಿ ನನ್ನ ಕೆಲಸ ಇಷ್ಟೇ. ತಾಯಿ ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟು ಮುಗಿಸಿದ ಮೇಲೆ ಅದನ್ನು ಪುಟ್ಟ ಒರಳಿಗೆ ಹಾಕಿ, ಪೊಟ್ಯಾಷ್ ನೀರು ಬಿಟ್ಟು ಅರೆಯಬೇಕು. ಒಂದು ಹನಿ ಗಾಜಿನ ಮೇಲಿಟ್ಟು ನೋಡಬೇಕು. ಗಂಟುರೋಗದ ಕಣ ಕಂಡರೆ ಆ ಮೊಟ್ಟೆಯನ್ನೆಲ್ಲ ಸುಡಬೇಕು, ಇಲ್ಲದಿದ್ದರೆ ರೈತರಿಗೆ ಕೊಡಬೇಕು. ನಾನು ‘ಇಲ್ಲ’ ಎಂದು ಬರೆದ ಕಡೆ ರೋಗ ಇದ್ದುಬಿಟ್ಟರೆ ಒಂದು ಮನೆಯ ಹುಳುವೆಲ್ಲ ತಟ್ಟೆಯಲ್ಲೇ ಸಾಯುತ್ತದೆ. ಹಾಗಾಗಿ ಆ ಎರಡಕ್ಷರವನ್ನು ನಾನು ಎಂದೂ ಹಗುರವಾಗಿ ಬರೆದವಳಲ್ಲ. ಮುಂದೆ ಡಾಕ್ಟರಿಗೂ ನನಗೂ ಜಟಾಪಟಿ ಆದದ್ದು ಈ ಎರಡಕ್ಷರಕ್ಕೇ.

ಹಳ್ಳಿ ಸಾದಲಿಯ ಕಡೆಯದು. ಹೆಸರು ಹೇಳುವುದಿಲ್ಲ, ಆ ಮನೆಯ ಹೆಣ್ಣುಮಕ್ಕಳು ಈಗಲೂ ಅಲ್ಲಿ ಇಲ್ಲಿ ಸಂಸಾರ ಮಾಡಿಕೊಂಡಿದ್ದಾರೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಹುಳು ಸಾಕಣೆ ಇದ್ದ ದೊಡ್ಡ ಮನೆ. ಆ ಮನೆಯ ಮಕ್ಕಳು ಒಳ್ಳೆಯ ಕೂದಲು ಹೊತ್ತೇ ಹುಟ್ಟುತ್ತಿದ್ದವು. ಐದನೇ ತಿಂಗಳಿಗೆ ಮನೆದೇವರ ಹೆಸರಿನಲ್ಲಿ ಹುಟ್ಟುಕೂದಲು ತೆಗೆಸುತ್ತಿದ್ದರು. ಆಮೇಲೆ ಕೆಲವು ಮಕ್ಕಳಿಗೆ ಎಂದಿನಂತೆ ಕೂದಲು ಬರುತ್ತಿತ್ತು, ಕೆಲವಕ್ಕೆ ಮತ್ತೆ ಬರುತ್ತಲೇ ಇರಲಿಲ್ಲ. ಆರು ವರ್ಷದ ಮಗನೊಬ್ಬ ಹಾಗಿದ್ದ, ಅವನ ಚಿಕ್ಕಪ್ಪನ ಎರಡು ಮಕ್ಕಳೂ ಹಾಗೇ. ಆ ಹುಡುಗನ ಅಕ್ಕನಿಗೆ ಮಾತ್ರ ಮೊಣಕೈ ದಪ್ಪದ ಜಡೆ ಇತ್ತು.

ಊರಿನವರ ಪ್ರಕಾರ ಇದು ಕ್ಷೌರಿಕನ ಕತ್ತಿಯ ಕೆಲಸ. ಒಂದು ಸಾವಿನ ದಿನ ಆ ಮನೆಯವರು ಹೇಳಿಕಳಿಸಿದಾಗ ಅವನು ಜ್ವರ ಎಂದು ಬಂದಿರಲಿಲ್ಲ, ಮಾತಿಗೆ ಮಾತು ಬೆಳೆದಿತ್ತು. ಅಂದಿನಿಂದ ಕತ್ತಿಗೆ ಏನೋ ಸವರಿ ಮಕ್ಕಳ ತಲೆ ಸುಡುತ್ತಾನೆ ಎಂಬ ಗುಲ್ಲು. ಪಟೇಲರು ಅವನ ಕತ್ತಿ, ಸಾಣೆಕಲ್ಲು, ಅವನ್ನಿಡುವ ಹಡಪದ ಚೀಲ ಎಲ್ಲವನ್ನೂ ತೆಗೆದಿಟ್ಟುಕೊಂಡಿದ್ದರು. ಯುಗಾದಿಯೊಳಗೆ ಊರು ಬಿಡಬೇಕು ಎಂದು ಪಂಚಾಯಿತಿ ಮಾಡಿ ಹೇಳಿಯೂ ಆಗಿತ್ತು.

ತಮಾಷೆಯೆಂದರೆ ನಮ್ಮ ಡಾಕ್ಟರೂ ಕತ್ತಿಯನ್ನೇ ಹಿಡಿದುಕೊಂಡಿದ್ದರು. ಸವರಿದ್ದು ಮದ್ದಲ್ಲ, ಹುಳುಕಡ್ಡಿಯ ಬೂಷ್ಟು ಎನ್ನುವುದಷ್ಟೇ ವ್ಯತ್ಯಾಸ. ಒಂದು ತಲೆಯಿಂದ ಇನ್ನೊಂದು ತಲೆಗೆ ಬೂಷ್ಟು ಕತ್ತಿಯಲ್ಲಿ ಹೋಗುತ್ತದೆ, ಕೂದಲಿನ ಬುಡವನ್ನು ತಿಂದುಹಾಕುತ್ತದೆ ಎಂದು ಅವರ ವಾದ. ಹಿಂದಿನ ವರ್ಷ ಅವರೇ ಮುಂದೆ ನಿಂತು ಚಿಂತಾಮಣಿಯಿಂದ ಬೇರೆ ಕ್ಷೌರಿಕನನ್ನು ಕರೆಸಿ, ಹೊಸ ಕತ್ತಿಯನ್ನು ಕುದಿಯುವ ನೀರಿಗೆ ಹಾಕಿಸಿ, ಚಿಕ್ಕಪ್ಪನ ಕಿರಿಯ ಮಗುವಿನ ಮುಡಿ ತೆಗೆಸಿದ್ದರು. ಆ ಮಗುವಿಗೂ ಕೂದಲು ಬರಲಿಲ್ಲ. ಹಳೆಯವನ ಮಾಟ ಮನೆಯಲ್ಲೇ ಉಳಿದಿದೆ ಎಂದರು ಊರವರು. ಬೂಷ್ಟು ಮನೆಯ ದಿಂಬಿನಲ್ಲಿ ಉಳಿದಿದೆ ಎಂದರು ಡಾಕ್ಟರು. ಆರು ವರ್ಷದ ಹುಡುಗನನ್ನು ಬೆಂಗಳೂರಿಗೆ ಕರೆದೊಯ್ದು, ತಲೆಗೆ ಎಕ್ಸ್‌ರೇ ಹಾಯಿಸಿ ಬೂಷ್ಟನ್ನು ಬುಡಸಮೇತ ತೆಗೆಯುವುದೆಂದು ತೀರ್ಮಾನಿಸಿದ್ದರು. ಆಗಿನ ಕಾಲದಲ್ಲಿ ಹುಳುಕಡ್ಡಿಗೆ ಅದೂ ಒಂದು ಚಿಕಿತ್ಸೆ. ಬೂಷ್ಟನ್ನು ಗಾಜಿನ ಮೇಲೆ ಹಿಡಿದು ತೋರಿಸುವುದು ಮಾತ್ರ ಬಾಕಿ ಇತ್ತು, ಅದಕ್ಕೆ ನಾನು.

ಮೊಂಡು ಚಾಕುವಿನಿಂದ ಮಕ್ಕಳ ನೆತ್ತಿಯನ್ನು ನೋವಾಗದಂತೆ ಕೆರೆದು, ಹೊಟ್ಟನ್ನು ಕಾಗದದಲ್ಲಿ ಮಡಿಸಿ, ಹೆಸರು ಬರೆದು ತರುತ್ತಿದ್ದೆ. ಗಾಜಿನ ಮೇಲೆ ಪೊಟ್ಯಾಷ್ ಹನಿ, ಸ್ಪಿರಿಟ್ ದೀಪದ ಮೇಲೆ ಸ್ವಲ್ಪ ಬಿಸಿ, ಚರ್ಮ ಕರಗುವವರೆಗೆ ಕಾಯುವುದು, ಆಮೇಲೆ ಮೂಲೆಯಿಂದ ಮೂಲೆಗೆ ಸಾಲು ಹಿಡಿದು ನೋಡುವುದು. ಬೂಷ್ಟಿದ್ದರೆ ಎಳೆ ಎಳೆಯಾಗಿ ಕಾಣಬೇಕು. ಹೇಗಿರುತ್ತದೆ ಎಂದು ತಿಳಿಯಲು ಶಿಡ್ಲಘಟ್ಟದ ಪೇಟೆಯಲ್ಲಿ ನಿಜವಾಗಿ ಹುಳುಕಡ್ಡಿ ಆಗಿದ್ದ ಒಬ್ಬರನ್ನು ಹಿಡಿದು, ಕಾಡಿ ಬೇಡಿ ಅವರದ್ದನ್ನೂ ನೋಡಿದೆ. ಅವರ ಗಾಜಿನಲ್ಲಿ ಎಳೆಗಳು ಬಲೆ ಹೆಣೆದಿದ್ದವು. ನಮ್ಮ ಮಕ್ಕಳ ಗಾಜಿನಲ್ಲಿ ಒಂದೂ ಇಲ್ಲ. ಎರಡು ತಿಂಗಳು ನೋಡಿದೆ. ಕೊನೆಗೆ ‘ಇಲ್ಲ’ ಎಂದು ಬರೆದು ಕೊಟ್ಟೆ.

ಡಾಕ್ಟರು ಅದನ್ನು ಹೊಡೆದು ಹಾಕಿ ‘ಇನ್ನೂ ಸಿಕ್ಕಿಲ್ಲ’ ಎಂದು ತಿದ್ದಿದರು. ನಾನು ಅದರ ಕೆಳಗೇ ಮತ್ತೆ ‘ಇಲ್ಲ’ ಎಂದು ಬರೆದೆ. ರೇಷ್ಮೆಹುಳು ನೋಡುವವಳಿಗೆ ಮನುಷ್ಯರ ರೋಗ ಏನು ತಿಳಿಯುತ್ತದೆ ಎಂದು ಅವರು ಕೇಳಿದರು. ಹುಳುವಿನ ವಿಷಯದಲ್ಲಿ ತಪ್ಪು ಬರೆದರೆ ರೈತ ಬಂದು ಜುಟ್ಟು ಹಿಡಿಯುತ್ತಾನೆ, ಮನುಷ್ಯರಲ್ಲಿ ಯಾರೂ ಕೇಳುವವರಿಲ್ಲ ಎಂದೆ. ಅಂದು ಅವರ ಜೀಪಿನಲ್ಲಿ ನನಗೆ ಜಾಗ ಇರಲಿಲ್ಲ. ಸಾದಲಿಯವರೆಗೆ ನಡೆದು ಬಸ್ಸು ಹಿಡಿದೆ.

ನಡೆದದ್ದರಿಂದ ಒಂದು ಲಾಭವಾಯಿತು. ಊರಾಚೆಯ ಹೊಂಗೆಮರದ ಕೆಳಗೆ ಆ ಕ್ಷೌರಿಕ ತಾತ ಕೂತಿದ್ದ. ಕೆಲಸವಿಲ್ಲದ ಕೈಗಳನ್ನು ತೊಡೆಯ ಮೇಲೆ ಹೊರೆಯ ಹಾಗೆ ಇಟ್ಟುಕೊಂಡಿದ್ದ. ನಾನು ಯಾರೆಂದು ಅವನಿಗೆ ಗೊತ್ತಿತ್ತು. ಎದ್ದು ನಿಲ್ಲಲಿಲ್ಲ, ಅದು ನನಗೆ ಹಿಡಿಸಿತು.

“ಒಂದೇ ಕತ್ತಿ ಕಣಮ್ಮ,” ಅಂದ. “ಪಟೇಲ್ರ ಗಡ್ಡಕ್ಕೂ ಅದೇ, ಊರಿನ ಕೂಸುಗಳಿಗೂ ಅದೇ. ಆ ಜಡೆ ಹುಡುಗಿ ಮುಡಿನೂ ನಾನೇ ತೆಗ್ದಿದ್ದು. ತಲೆ ಹೋಗ್ಲಿ, ಆ ಹುಡುಗನ ಹುಬ್ಬು ನೋಡಿದ್ದೀಯಾ ನೀನು? ಹುಬ್ಬಿಗೆ ಯಾರಾದ್ರೂ ಕತ್ತಿ ಹಾಕ್ತಾರಾ?”

ನಾನು ಎರಡು ತಿಂಗಳು ಆ ಹುಡುಗನ ನೆತ್ತಿ ಕೆರೆದಿದ್ದೆ, ಮುಖ ನೋಡಿರಲಿಲ್ಲ. ಮಾರನೆಯ ದಿನ ನೋಡಿದೆ. ಹುಬ್ಬಿನ ಜಾಗದಲ್ಲಿ ನಾಲ್ಕಾರು ನವಿರು, ರೆಪ್ಪೆಯೂ ಬೋಳು, ಮುಂಗೈಯಲ್ಲಿ ರೋಮವಿಲ್ಲ. ಚಿಕ್ಕಪ್ಪನ ಮಕ್ಕಳೂ ಹಾಗೆಯೇ. ನನ್ನ ಮೇಲೆ ನನಗೇ ಸಿಟ್ಟು ಬಂತು. ಗಾಜಿನಲ್ಲಿ ಸಿಗದ್ದು ಕಣ್ಣೆದುರಿಗೇ ಇತ್ತು.

ಆಮೇಲೆ ನಾನು ಮಾಡಿದ್ದು ಕೇಂದ್ರದಲ್ಲಿ ಕಲಿತ ಕೆಲಸ. ನಮ್ಮ ಮೈಸೂರು ತಳಿಯ ಹಳದಿ ಗೂಡಿನ ಹುಳುವಿಗೂ ಹೊರದೇಶದ ಬಿಳಿ ಗೂಡಿನ ಹುಳುವಿಗೂ ಕೂಡಿಸಿದರೆ ಮೊದಲ ತಲೆಮಾರೆಲ್ಲ ಹಳದಿಯೇ. ಆ ಹಳದಿಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೆ ನಡುನಡುವೆ ಬಿಳಿ ಗೂಡು ಹಾಜರಾಗುತ್ತದೆ. ಅಡಗಿಕೊಂಡಿದ್ದ ಬಿಳಿ ಎರಡೂ ಕಡೆಯಿಂದ ಬಂದು ಕೂಡಿದಾಗ ಮಾತ್ರ ಹೊರಗೆ ಕಾಣುತ್ತದೆ. ತಳಿ ದಾಖಲೆಗೆ ನಾವು ಹಾಕುವ ಗೆರೆಗಳಲ್ಲೇ ಆ ಮನೆಯ ವಂಶವನ್ನು ಬರೆಯುತ್ತಾ ಹೋದೆ. ಹೇಳಿಕೊಟ್ಟದ್ದು ಮನೆಯ ಅಜ್ಜಿ. ಹುಡುಗನ ತಾಯಿಗೆ ಅವಳು ಅತ್ತೆಯೂ ಹೌದು, ಅಮ್ಮನ ಅಮ್ಮನೂ ಹೌದು, ಏಕೆಂದರೆ ಆ ತಾಯಿ ಮದುವೆಯಾಗಿದ್ದು ಸೋದರಮಾವನನ್ನು. ಚಿಕ್ಕಪ್ಪನೂ ಇನ್ನೊಬ್ಬ ಅಕ್ಕನ ಮಗಳನ್ನೇ ತಂದುಕೊಂಡಿದ್ದ. ಅಜ್ಜಿಯ ಸೋದರಮಾವ ಮಲಗುವಾಗಲೂ ರುಮಾಲು ಬಿಚ್ಚುತ್ತಿರಲಿಲ್ಲವಂತೆ. ಸಿಡುಬಿನಿಂದ ಕೂದಲು ಹೋಯಿತೆಂದು ಹೇಳಿಕೊಂಡು ಬಂದಿದ್ದರು. ಅವನು ಸತ್ತದ್ದು ಈ ಕ್ಷೌರಿಕ ಹುಟ್ಟುವ ಮೊದಲು.

ಕಾಗದದ ಮೇಲೆ ಬಿಳಿ ಗೂಡುಗಳು ಕಾಣಿಸಿಕೊಂಡಾಗ ನನಗೆ ಹಿಗ್ಗು ತಡೆಯಲಾಗಲಿಲ್ಲ. ತಪ್ಪು ಮಾಡಿದ್ದು ಅಲ್ಲೇ. ಇದು ಕತ್ತಿಯಿಂದ ಬಂದದ್ದಲ್ಲ ಅಜ್ಜಿ, ಒಳಗೊಳಗೇ ಕೊಟ್ಟು ತಂದಿದ್ದರಿಂದ ರಕ್ತದಲ್ಲೇ ಬಂದದ್ದು ಎಂದು ಜಗಲಿಯಲ್ಲಿ ಹತ್ತು ಜನರ ಮುಂದೆ ಹೇಳಿಬಿಟ್ಟೆ. ಅಜ್ಜಿ ತುಂಬ ಮೆತ್ತಗೆ ಮಾತಾಡಿದಳು.

“ನಮ್ಮ ರಕ್ತ ಕೆಟ್ಟಿದೆ ಅಂತ ಊರಿಗೆ ಸಾರಿದ್ರೆ ಆ ಜಡೆ ಹುಡುಗೀನ ಯಾರು ತಗೋತಾರಮ್ಮ? ಕತ್ತಿ ತಪ್ಪು ಅಂದ್ರೆ ಒಬ್ಬ ಊರು ಬಿಡ್ತಾನೆ. ನಮ್ಮ ತಪ್ಪು ಅಂದ್ರೆ ಮನೆಗೆ ಮನೆಯೇ ಬೀದಿಗೆ ಬೀಳುತ್ತೆ. ಎದ್ದು ಹೋಗು.”

ಎದ್ದು ಬಂದೆ. ಅವಳ ಮಾತಿನಲ್ಲಿ ನ್ಯಾಯ ಇರಲಿಲ್ಲ, ಆದರೆ ಭಯ ನಿಜವಾಗಿತ್ತು. ಡಾಕ್ಟರು ನನ್ನ ಗೆರೆಗಳನ್ನು ನೋಡಿ, ಮದುವೆ ಸಂಬಂಧಗಳು ಊರೆಲ್ಲ ಹೀಗೇ ಇವೆ, ಉಳಿದ ಮನೆಯವರು ಬೋಳಾಗಿದ್ದಾರೆಯೇ ಎಂದರು. ಅಡಗಿದ ಬಿಳಿ ಇರಬೇಕಲ್ಲ ಸಾರ್, ಅದು ಈ ಮನೆಯಲ್ಲಿದೆ ಎಂದೆ. ಕೇಳಲಿಲ್ಲ. ನನ್ನನ್ನು ಕೇಂದ್ರಕ್ಕೆ ವಾಪಸು ಕಳಿಸಿದರು.

ಮೂರು ವಾರ ಚಿಟ್ಟೆ ಅರೆಯುತ್ತ ಕೂತೆ. ಕೈ ಅರೆಯುತ್ತಿತ್ತು, ತಲೆ ಹಳ್ಳಿಯಲ್ಲೇ ಇತ್ತು. ಒಂದು ಪ್ರಶ್ನೆ ಬಿಡಲೊಲ್ಲದು. ಕತ್ತಿಯಿಂದಲೇ ಹೋಯಿತೆಂದು ಎಲ್ಲರೂ ನಂಬಿದ್ದು ಏಕೆ? ಕತ್ತಿ ಹಾಕುವ ಮೊದಲು ಕೂದಲು ಇರುತ್ತಿತ್ತು, ಹಾಕಿದ ಮೇಲೆ ಇರುತ್ತಿರಲಿಲ್ಲ, ಅದಕ್ಕೆ. ಆ ಊರಿನ ಉಳಿದ ಮನೆಗಳಲ್ಲಿ ಮುಡಿ ತೆಗೆಸುತ್ತಿದ್ದುದು ಮೂರನೇ ವರ್ಷಕ್ಕೆ. ಈ ಮನೆಯಲ್ಲಿ ಮಾತ್ರ ಹಲ್ಲು ಬರುವ ಮೊದಲೇ, ಐದನೇ ತಿಂಗಳಿಗೆ. ಆರನೇ ತಿಂಗಳಲ್ಲಿ ಆ ಕೂದಲು ತಾನಾಗಿ ಏನಾಗುತ್ತಿತ್ತು ಎಂದು ನೋಡಿದವರೇ ಇರಲಿಲ್ಲ. ಕುದಿಸಿದ ಕತ್ತಿಯೂ ಬೇಡ, ಹೊಸ ಕತ್ತಿಯೂ ಬೇಡ. ಕತ್ತಿಯನ್ನೇ ಹಾಕಬಾರದು.

ಇದನ್ನು ಯಾರಿಗೆ ಹೇಳುವುದು ಎಂದು ನಾನು ಒದ್ದಾಡುತ್ತಿದ್ದಾಗ ಆ ಹುಡುಗನ ತಾಯಿಯೇ ಮೊಟ್ಟೆ ಹಾಳೆ ಕೊಳ್ಳುವ ನೆಪದಲ್ಲಿ ಗಂಡನ ಜೊತೆ ಕೇಂದ್ರಕ್ಕೆ ಬಂದಳು. ಸೊಂಟದಲ್ಲಿ ಹೆಣ್ಣುಕೂಸು, ಐದನೇ ತಿಂಗಳು ನಡೆಯುತ್ತಿತ್ತು. ತಲೆತುಂಬ ಕಪ್ಪು ಕೂದಲು. ಮುಂದಿನ ಸೋಮವಾರ ಚಿಂತಾಮಣಿಯ ಕ್ಷೌರಿಕನನ್ನೇ ಕರೆಸಿ ಮುಡಿ ತೆಗೆಸುವುದೆಂದು ನಿಶ್ಚಯವಾಗಿತ್ತಂತೆ. ಗಂಡ ಹಾಳೆಗಳನ್ನು ಎಣಿಸಿಕೊಳ್ಳುತ್ತಿದ್ದಾಗ ಅವಳು ನನ್ನ ಮೇಜಿನ ಬಳಿ ನಿಂತು, ತೆಗೆಸದೇ ಇದ್ದರೆ ಕೂದಲು ಉಳಿಯುತ್ತದೆಯೇ ಎಂದು ಕೇಳಿದಳು.

ಉಳಿಯುತ್ತದೆ ಎಂದಿದ್ದರೆ ಅವಳು ಕುಣಿದುಕೊಂಡು ಒಪ್ಪುತ್ತಿದ್ದಳು. ಹಾಗೆನ್ನಲು ನನಗೆ ಬಾಯಿ ಬರಲಿಲ್ಲ. ಗೊತ್ತಿಲ್ಲ, ನಿಮ್ಮ ಹುಡುಗಿಯ ಜಡೆಯ ಹಾಗೆ ಬೆಳೆದರೂ ಬೆಳೆಯಬಹುದು, ಅಣ್ಣನ ಹಾಗೆ ಎಲ್ಲ ಉದುರಿದರೂ ಉದುರಬಹುದು, ಉದುರಿದರೆ ನನ್ನ ಹತ್ತಿರ ಮದ್ದಿಲ್ಲ ಎಂದೆ. ಹಳದಿ ಗೂಡು, ಬಿಳಿ ಗೂಡು ಎರಡನ್ನೂ ಅವಳ ಅಂಗೈಯಲ್ಲಿಟ್ಟು ಹೇಳಿದೆ. ಹುಳು ಸಾಕಿದವಳು, ತಟ್ಟನೆ ಹಿಡಿದುಕೊಂಡಳು. ಗೂಡುಗಳನ್ನು ನನ್ನ ಮೇಜಿನ ಮೇಲಿಟ್ಟಳು.

“ಉದುರಿದ್ರೆ ಆ ತಾತ ಊರು ಬಿಡೋದು ತಪ್ಪುತ್ತಾ?” ಅಂತ ಕೇಳಿದಳು. “ಅವನ ಹೆಂಡ್ತಿ ನನ್ನ ಮೂರು ಹೆರಿಗೆ ಮಾಡಿದ್ದಾಳೆ. ಇವಳು ಅಡ್ಡ ತಿರುಗಿದ್ಲು. ಆವಮ್ಮ ಕೈ ಹಾಕಿ ತಿರುಗಿಸದೇ ಇದ್ದಿದ್ರೆ ನಾವಿಬ್ರೂ ಇರ್ತಿರಲಿಲ್ಲ.”

ತಪ್ಪಿಸಲು ನಾನು ನೋಡುತ್ತೇನೆ ಎಂದೆ. ಅಷ್ಟೇ ನಾನು ಕೊಟ್ಟ ಮಾತು.

ಅವಳು ಸುಳ್ಳು ಹರಕೆ ಹೇಳಿ ದಿನ ಮುಂದೂಡಬಹುದಿತ್ತು. ಹಾಗೆ ಮಾಡಲಿಲ್ಲ. ಮನೆಗೆ ಹೋಗಿ, ಮುಡಿ ತೆಗೆಸುವುದಿಲ್ಲ ಎಂದು ನೇರವಾಗಿ ಹೇಳಿದಳು. ಮೂರು ತಿಂಗಳು ಅಜ್ಜಿ ಅವಳ ಕೈಯಡುಗೆ ಮುಟ್ಟಲಿಲ್ಲ. ಗಂಡ ನಿನ್ನಿಷ್ಟ ಎಂದು ಹೇಳಿ ಸೊಪ್ಪು ಕೊಯ್ಯಲು ಹೋದ. ಡಾಕ್ಟರಿಗೆ ನಾನೇ ಕಾಗದ ಬರೆದೆ. ಇದು ವಿಜ್ಞಾನವಲ್ಲ, ಹಟ ಎಂದು ಉತ್ತರ ಬಂತು. ಹಟವೇ ಸರಿ. ನಾನು ಪ್ರತಿ ಭಾನುವಾರ ನನ್ನ ರಜೆಯಲ್ಲಿ ಹೋಗಲು ಶುರು ಮಾಡಿದೆ. ಕೂಸಿನ ತಲೆಗೆ ಕತ್ತಿ, ಕತ್ತರಿ, ಮನೆಯ ಬಾಚಣಿಗೆ ಯಾವುದೂ ಮುಟ್ಟಬಾರದು. ದಿಂಬಿನ ಮೇಲೆ ಉದುರಿದ್ದನ್ನೆಲ್ಲ ತಾಯಿ ಕಾಗದದಲ್ಲಿ ಮಡಿಸಿ, ವಾರ ಹೇಳಿ ನನ್ನ ಕೈಗೆ ಕೊಡಬೇಕು. ಕೂಸನ್ನು ಚಾವಡಿಯ ಜಗಲಿಯಲ್ಲಿ ಕೂರಿಸಿ ಊರವರೆದುರಿಗೇ ತಲೆ ನೋಡುತ್ತಿದ್ದೆ.

ಆರನೇ ತಿಂಗಳು ಮುಗಿಯುವವರೆಗೂ ಕೂದಲು ಹಾಗೇ ಇತ್ತು. ಊರವರು ನೋಡಿ, ಕತ್ತಿ ಹಾಕದಿದ್ದಕ್ಕೆ ಉಳಿಯಿತು, ಆ ತಾತನದ್ದೇ ತಪ್ಪು ಎಂದು ಇನ್ನಷ್ಟು ಗಟ್ಟಿಯಾದರು. ತಾಯಿಯ ಮುಖದಲ್ಲಿ ನಗು ಕಂಡಾಗ ನನಗೆ ಎರಡೂ ಕಡೆ ಎಳೆದ ಹಾಗಾಯಿತು. ಕೂದಲು ಉಳಿಯಲಿ ಎಂದು ಬೇಡಿಕೊಂಡರೆ ತಾತ ಹೋಗುತ್ತಾನೆ. ಉದುರಲಿ ಎನ್ನಲು ನಾನೆಂಥ ಪಾಪಿ? ನಾಚಿಕೆಯಿಲ್ಲದೆ ಹೇಳುತ್ತೇನೆ, ಉಳಿಯಲಿ ಎಂದೇ ಬೇಡಿಕೊಂಡೆ.

ಏಳನೇ ತಿಂಗಳಲ್ಲಿ ಹಣೆಯ ಕಡೆಯಿಂದ ಶುರುವಾಯಿತು. ಮೊದಲ ವಾರ ಕಾಗದದಲ್ಲಿ ಐದಾರು ಎಳೆ, ಮುಂದಿನ ವಾರ ಒಂದು ಚಿಟಿಕೆ, ಆಮೇಲೆ ಹಿಡಿ. ಗಾಯವಿಲ್ಲ, ಕೆಂಪಿಲ್ಲ, ಕೂಸಿಗೆ ತುರಿಕೆಯೂ ಇಲ್ಲ. ನಗುತ್ತಾ ನನ್ನ ಕನ್ನಡಕ ಕೀಳುತ್ತಿತ್ತು. ಸಂಕ್ರಾಂತಿ ಕಳೆದು ಕೆಲವು ವಾರಕ್ಕೆ ತಲೆ ಅಂಗೈಯಷ್ಟು ನುಣ್ಣಗಾಯಿತು, ಹುಬ್ಬೂ ಹೋಯಿತು. ಆ ಭಾನುವಾರ ತಾಯಿ ಹಿತ್ತಲಿಗೆ ಹೋಗಿ ಅತ್ತಳು. ನಾನೂ ಅವಳ ಪಕ್ಕದಲ್ಲಿ ಕೂತು ಅತ್ತೆ. ಆಮೇಲೆ ಅವಳು ಮುಖ ತೊಳೆದುಕೊಂಡು, ಹುಡುಗನನ್ನು ಇನ್ನು ಆ ಎಕ್ಸ್‌ರೇಗೆ ಕಳಿಸುವುದಿಲ್ಲ ಎಂದು ಡಾಕ್ಟರಿಗೆ ಬರೆಯಲು ಹೇಳಿದಳು. ಅಲ್ಲೇ ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು.

ಯುಗಾದಿಗೆ ಹದಿನೈದು ದಿನ ಇದ್ದಾಗ ಪಂಚಾಯಿತಿ ಸೇರಿತು. ನಾನು ಕೇಂದ್ರದ ಮೈಕ್ರೋಸ್ಕೋಪನ್ನು ಸಾಹೇಬರ ಕಾಲು ಹಿಡಿದು ಕೇಳಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಂದಿದ್ದೆ. ಏನು ನಡೆಯುತ್ತದೆಂದು ನಾನು ಊಹಿಸಿದ್ದೆನೋ ಅದೇ ನಡೆಯಿತು. ಈ ಇಬ್ಬರು ಹೆಂಗಸರು ಸೇರಿ ಕದ್ದು ಕತ್ತಿ ಹಾಕಿದ್ದಾರೆ ಎಂದಳು ಅಜ್ಜಿ.

ಪಟೇಲರನ್ನು ಮುಂದೆ ಕರೆದೆ. ಮೊದಲು ಅವರದೇ ಮೀಸೆಯ ಒಂದು ಕೂದಲು ಕೇಳಿ ಗಾಜಿನ ಮೇಲಿಟ್ಟೆ. ಕತ್ತರಿ ಬಿದ್ದ ತುದಿ ಕೊಯ್ದ ರಾಗಿ ಕೂಳೆಯ ಹಾಗೆ ಮಟ್ಟವಾಗಿ ಕಂಡಿತು. ಆಮೇಲೆ ವಾರವಾರದ ಕಾಗದದ ಪೊಟ್ಟಣಗಳನ್ನು ಅವರೆದುರಿಗೇ ಬಿಚ್ಚಿ, ಅವರೇ ಆರಿಸಿದ ಎಳೆಗಳನ್ನು ಒಂದೊಂದಾಗಿ ಇಟ್ಟೆ. ಹುಟ್ಟಿದಂದಿನಿಂದ ಯಾರೂ ಕತ್ತರಿಸದ ಕೂದಲು ತುದಿಯಲ್ಲಿ ಸಣ್ಣಗಾಗುತ್ತ ಹೋಗಿ ಕಾಣದಂತಾಗುತ್ತದೆ. ಇನ್ನೊಂದು ತುದಿಯಲ್ಲಿ ಬುಡದ ಗುಂಡು ಹಾಗೇ ಇತ್ತು. ಕತ್ತಿ ಹಾಕಿದ್ದರೆ ಬುಡ ತಲೆಯಲ್ಲೇ ಉಳಿಯುತ್ತಿತ್ತು. ಪಟೇಲರು ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು. ಅವರು ಮೂರ್ಖರಲ್ಲ, ಯಾರೂ ತೋರಿಸಿರಲಿಲ್ಲ ಅಷ್ಟೇ.

ಮಾತಾಡಿದ್ದು ತಾಯಿ. ಕೂಸಿನ ತಲೆಯ ಬಟ್ಟೆ ಬಿಚ್ಚಿ ಎಲ್ಲರ ಮುಂದೆ ಎತ್ತಿ ಹಿಡಿದಳು.

“ಇವಳ ತಲೆಗೆ ಯಾವ ಕತ್ತಿನೂ ಬಿದ್ದಿಲ್ಲ. ಇದನ್ನ ಹೊತ್ಕೊಂಡೇ ಹುಟ್ಟಿದ್ದಾಳೆ, ಹಿಂಗೇ ಬೆಳೀತಾಳೆ. ನಮ್ಮ ಮನೇಲಿ ಬಂದಿದ್ದು ನಮ್ಮದು. ತಾತನ ತಲೆಗೆ ಕಟ್ಟಬೇಡಿ.”

ಅಜ್ಜಿ ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು. ಆದರೆ ಎದ್ದು ಹೋಗಲಿಲ್ಲ. ಪಟೇಲರು ಆಳು ಕಳಿಸಿ ಹಡಪ ತರಿಸಿ, ತಾತನ ಮುಂದೆ ಇಟ್ಟರು. ತಪ್ಪಾಯಿತು ಎನ್ನಲಿಲ್ಲ. ನಾಳೆ ಬೆಳಿಗ್ಗೆ ಗಡ್ಡಕ್ಕೆ ಬಾ ಎಂದರು.

ಡಾಕ್ಟರ ವರದಿಯಲ್ಲಿ ಕಾರಣ ತಿಳಿದಿಲ್ಲ ಎಂದು ಬಂತು. ನನ್ನ ಹೆಸರಿಲ್ಲ, ಗೆರೆಗಳಿಲ್ಲ. ಗೆರೆಗಳ ಕಾಗದ ಇವತ್ತಿಗೂ ನನ್ನ ಪೆಟ್ಟಿಗೆಯಲ್ಲಿದೆ. ಆ ಮಕ್ಕಳಿಗೆ ಕೂದಲು ಬರಲಿಲ್ಲ. ಎಣ್ಣೆ, ಲೇಪ, ಸೂಜಿ ಏನೇನೋ ಮಾಡಿದರು, ಯಾವುದೂ ಹತ್ತಲಿಲ್ಲ. ಜಡೆ ಹುಡುಗಿಗೆ ಮದುವೆಯಾಯಿತು. ಈ ಸಲ ತಾಯಿ ಹಟ ಹಿಡಿದು, ದೂರದ ಗೌರಿಬಿದನೂರಿನ, ಯಾವ ನಂಟೂ ಇಲ್ಲದ ಮನೆಗೆ ಕೊಟ್ಟಳು.

ಆದರೆ ಆ ಪಂಚಾಯಿತಿಯ ದಿನ ಚಾವಡಿಯಲ್ಲಿ ಜನ ಏಳುವ ಮೊದಲೇ ತಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತಾತನ ಎದುರಿಗೆ ಕೂತಳು. ಮುಡಿ ತೆಗೆ ಎಂದಳು. ಅವನು ಗಾಬರಿಯಿಂದ ನನ್ನನ್ನು ನೋಡಿದ. ನಾನು ಮಿಕ್ಕ ಪೊಟ್ಟಣಗಳನ್ನೆಲ್ಲ ಬಿಚ್ಚಿ, ಕೂಸಿನ ಮುಂದೆ ಒಂದು ವೀಳ್ಯದೆಲೆ ಹಾಸಿ, ಉದುರಿದ ಕೂದಲನ್ನು ಅದರ ಮೇಲೆ ದೇವರ ಪಾಲೆಂದು ಇಟ್ಟೆ. ತಾತ ಹಡಪದಿಂದ ಬಟ್ಟಲು ತೆಗೆದು, ಕೂದಲಿರುವ ತಲೆಗೆ ಹಚ್ಚುವಂತೆಯೇ ನೀರು ಹಚ್ಚಿ, ತಿಂಗಳುಗಟ್ಟಲೆ ಪಟೇಲರ ಮನೆಯಲ್ಲಿ ಬಿದ್ದಿದ್ದ ಅದೇ ಕತ್ತಿಯ ಬೆನ್ನನ್ನು ಆ ನುಣುಪು ನೆತ್ತಿಯ ಮೇಲೆ ಮೂರು ಸಲ ನಿಧಾನವಾಗಿ ಎಳೆದ. ಕೂಸು ನಕ್ಕಿತು. ಅವನು ಕತ್ತಿಯನ್ನು ತನ್ನ ಅಂಗೈಯಲ್ಲಿ ಒರೆಸಿ, ಆ ಕೈಯನ್ನು ಊರವರೆಲ್ಲರಿಗೂ ಕಾಣುವಂತೆ ಎತ್ತಿ ತೋರಿಸಿದ. ಅದರಲ್ಲಿ ನೀರು ಬಿಟ್ಟು ಏನೂ ಇರಲಿಲ್ಲ.